ತಿಥಿಗೆ ಬೇಕಾಗಿದ್ದ ಅಳು

ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆ ಅಕ್ಕ ಜಗಲಿ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವಾಗ ಒಂದು ಚೂರನ್ನು ದವಡೆಗೆ ಒತ್ತಿಕೊಂಡಿರೋರು. ಮನಸ್ಸು ಕುಗ್ಗಿ ಹಾಸಿಗೆ ಹಿಡಿದಿದ್ದ ಅವರನ್ನು ಡಾಕ್ಟರು ಕೊಟ್ಟ ಮಾತ್ರೆ ಎಬ್ಬಿಸಿ ಕೂರಿಸಿತ್ತು. "ಬಾಯಿ ಒಣಗ್ತದೆ, ಅಷ್ಟೇ ಕಣಮ್ಮ." ಏನು ಕೇಳಿದರೂ ಅವರ ಮಾತು ಮುಗಿಯುತ್ತಿದ್ದದ್ದು ಆ 'ಅಷ್ಟೇ ಕಣಮ್ಮ'ದಲ್ಲೇ.

ಕಲ್ಯಾಣದುರ್ಗದಲ್ಲಿ ಅವರ ತಾಯಿ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಅಕ್ಕ ಹೇಳಿದರು: "ಎಲ್ರೂ ಎದೆ ಬಡ್ಕೊಂಡು ಅತ್ರು. ನಂಗೆ ಒಳಗೆಲ್ಲ ಸಂಕಟ, ಕಣ್ಣಲ್ಲಿ ನೀರೇ ಬರ್ಲಿಲ್ಲ. ಈ ಮಾತ್ರೆ ತಗಂಡಾಗಿಂದ ಹಿಂಗೇಯ. ನಮ್ಮತ್ತಿಗೆ ಎಲ್ರ ಮುಂದೆ ಕಲ್ಲೆದೆಯೋಳು ಅಂದ್ಬುಟ್ಳು."

ತಿಥಿಯ ದಿನವಾದರೂ ಅಳು ಬರಲಿ ಅಂತ ಅವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದು ನಮಗೆ ಆಮೇಲೆ ಗೊತ್ತಾಯಿತು. ಅವತ್ತು ತಲೆ ಸುತ್ತಿ ಗೋಡೆ ಹಿಡಿದುಕೊಂಡೇ ಅತ್ತರಂತೆ. ಅತ್ತಿಗೆಯೇ ತಬ್ಬಿಕೊಂಡು ಸಮಾಧಾನ ಮಾಡಿದಳಂತೆ.

ಹಿಂದೂಪುರಕ್ಕೆ ಬಂದರೂ ಆ ಅಳು ನಿಲ್ಲಲಿಲ್ಲ. ಮಾತ್ರೆ ಹಾಗೆ ದಿಢೀರಂತ ಬಿಡಬಾರದಿತ್ತು ಅಂದ ಡಾಕ್ಟರು ಮತ್ತೆ ಶುರು ಮಾಡಿದರು, ಅದು ಮೈಗೆ ಹಿಡಿಯೋಕೆ ವಾರಗಳೇ ಬೇಕು ಅಂದರು. ಜಗಲಿ ಮೇಲಿನ ಹುಣಸೆಹಣ್ಣು ಬಿಸಿಲಿಗೆ ಕರ್ರಗಾಗುತ್ತಿತ್ತು. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಇಷ್ಟು ಅತ್ನಲ್ಲ, ಇದ್ರಲ್ಲಿ ನಮ್ಮವ್ವಂಗೆ ಅಂತ ಅತ್ತಿದ್ದು ಯಾವ್ದು ಕಣಮ್ಮ?"