ಸಿಬಿರು ತೆಗೆದ ಬೆಂಚು

ಬೇಲೂರಿನ ಈ ಹೊಸ ಕೆಫೆಯಲ್ಲಿ ಸರಕು ಪೇರಿಸುವ ಹಳೇ ಪ್ಯಾಲೆಟ್‌ ಹಲಗೆಯ ಬೆಂಚುಗಳಿವೆ. ಮೊಳೆ ಕಿತ್ತ ತೂತಿಗೆ ಬೆರಳು ತಾಗಿದ್ದೇ ಅಪ್ಪ ನೆನಪಾದ.

ನಮ್ಮೂರ ಹೋಟೆಲಿಗೆ ಬೆಂಚು ಬೇಕಿತ್ತು. ಅರಸೀಕೆರೆಯಿಂದ ಬಂದ ಪ್ಯಾಲೆಟ್‌ಗಳನ್ನು ಅಪ್ಪ ಹಲಗೆ ಸೀಳದಂತೆ ಬಿಚ್ಚುತ್ತಿದ್ದ. ಸೊಟ್ಟಗಾದ ಮೊಳೆಗಳನ್ನು ನಾನು ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡುತ್ತಿದ್ದೆ. ಬೆಂಚು ಮುಗಿದ ಮೇಲೆ ಅಪ್ಪ ಅದರ ಉದ್ದಕ್ಕೂ ಬರಿಗೈ ಸವರಿ, ಸಿಬಿರು ಹುಡುಕಿ ತೆಗೆದ. “ಕೂತೋರ್ಗೆ ಚುಚ್ಬಾರ್ದು ಕಣವ್ವ” ಎಂದ.

ಹೋಟೆಲಿನ ಯಜಮಾನನಿಗೆ ಬೆಂಚು ಬಹಳ ಹಿಡಿಸಿತು. “ಟೀ ಕುಡ್ಕಂಡು ಹೋಗು ಕಣ್ಲಾ, ಅಲ್ಲೇ ಆಚೆ ನಿಂತ್ಕೊ” ಎಂದ. ನಮ್ಮ ಕೇರಿಯವರು ಒಳಗೆ ಕೂರುವಂತಿರಲಿಲ್ಲ. ಸಿಬಿರು ಹೊಕ್ಕ ಕೈಯಲ್ಲೇ ಲೋಟ ಹಿಡಿದು ಅಪ್ಪ ನಿಂತು ಕುಡಿದ.

ನನ್ನ ಕಾಫಿ ಮುಗಿದು ಎಷ್ಟೋ ಹೊತ್ತಾಯಿತು. ಬೇಕೆಂದೇ ಎದ್ದಿಲ್ಲ.