ಹೂವು ಬೀಳುವ ಮೊದಲು

ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯ ನೋಟಿಸು ಹಾಕಿದರು. ಅರ್ಜಿ ಕೊಡಬೇಕೋ ಬೇಡವೋ ಎಂಬುದು ಅಪ್ಪ ಒಬ್ಬರೇ ತೀರ್ಮಾನಿಸಬೇಕಾದ ವಿಷಯವಾಗಿತ್ತು. ಹಾಗಾಗಿ ಅವರು ಊರಿನವರನ್ನೆಲ್ಲ ಕೇಳತೊಡಗಿದರು.

ಶಿಫ್ಟಿನ ಗೆಳೆಯರು, "ಮೊದಲು ನೀವು ಕೊಡಿ, ಆಮೇಲೆ ನಾವು ನೋಡ್ತೀವಿ" ಎಂದರು. ಕ್ಷೌರದಂಗಡಿಯವನು, "ಬೇಡ ಸಾರ್, ಮನೇಲಿ ಕೂತ್ರೆ ಕೂದ್ಲು ಉದುರುತ್ತೆ" ಎಂದ. ಅಪ್ಪನ ತಲೆಯಲ್ಲಿ ಉದುರಲು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಆ ಅಂಶವನ್ನು ಅವರು ಎರಡು ದಿನ ಪರಿಶೀಲಿಸಿದರು.

ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ ನಾನು ವಾರದ ರಜೆಗೆ ಮನೆಗೆ ಬಂದಾಗ ನನ್ನನ್ನೂ ಕೇಳಿದರು. ನಾನು ವೃತ್ತಿಯ ಅಭ್ಯಾಸದಂತೆ ಪರ ಮತ್ತು ವಿರೋಧದ ವಾದಗಳನ್ನು ಸಮತೂಕದಲ್ಲಿ ಅವರ ಮುಂದಿಟ್ಟೆ.

"ಹಾಗಾದ್ರೆ ಕೊಡ್ಲಾ, ಬೇಡ್ವಾ?"

"ಅದನ್ನ ನೀವೇ ತೀರ್ಮಾನ ಮಾಡ್ಬೇಕಪ್ಪ."

"ಇದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

ಅರ್ಜಿ ಕೊಡಲು ಕೊನೆಯ ದಿನ ಹತ್ತಿರವಾದಾಗ, ನಾನು ಮತ್ತೆ ರಜೆಗೆ ಬಂದಿದ್ದ ದಿನ, ಅಮ್ಮ ನಮ್ಮಿಬ್ಬರನ್ನೂ ಹಳೇನಗರದ ಒಂದು ಗುಡಿಗೆ ಕರೆದುಕೊಂಡು ಹೋದಳು. ಅಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ ಇತ್ತು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ದೇವರ ಎದುರು ಕೂರಬೇಕು. ವಿಗ್ರಹಕ್ಕೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಗುಡಿಯಲ್ಲಿ ಅಪ್ಪನ ಸೆಕ್ಷನ್ನಿನ ಸಹೋದ್ಯೋಗಿಯೊಬ್ಬರು ಕಂಬಕ್ಕೆ ಒರಗಿ ಕೂತಿದ್ದರು.

"ಏನ್ರೀ, ಇಲ್ಲಿ?"

"ಸುಮ್ನೆ, ದರ್ಶನಕ್ಕೆ. ನೀವು?"

"ನಾನೂ ಸುಮ್ನೆ" ಎಂದರು ಅಪ್ಪ. ಇಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭಟ್ಟರು ಹೂ ಅಂಟಿಸಿ ಮಂತ್ರ ಹೇಳಿದರು. ಹೂ ಅಲ್ಲಾಡಲಿಲ್ಲ. ಮತ್ತೊಮ್ಮೆ ಹೇಳಿದರು. ಆಗಲೂ ಇಲ್ಲ. "ಇವತ್ತು ಗಂಧ ಗಟ್ಟಿಯಾಯ್ತೋ ಏನೋ. ಕೂತಿರಿ, ಬೀಳುತ್ತೆ" ಎಂದು ನೈವೇದ್ಯದ ಅನ್ನ ನೋಡಲು ಒಳಗೆ ಹೋದರು.

ತುಂಬ ಹೊತ್ತಾದ ಮೇಲೆ ಅಮ್ಮನಿಗೆ ಅನುಮಾನ ಬಂತು. "ರೀ, ಏನಂತ ಕೇಳ್ಕೊಂಡಿದೀರಿ?"

"ಅರ್ಜಿ ಕೊಡ್ಲಾ ಬೇಡ್ವಾ ಅಂತ."

ಅಮ್ಮ ಹಣೆ ಚಚ್ಚಿಕೊಂಡಳು. "ಹಾಗೆ ಕೇಳಿದ್ರೆ ದೇವರು ಯಾವುದಕ್ಕೆ ಹೌದು ಅನ್ಬೇಕು? ಒಂದೇ ಕೇಳ್ಬೇಕು. ಕೊಡ್ಲಾ ಅಂತ ಕೇಳಿ. ಇಲ್ಲಾ, ಕೆಲಸದಲ್ಲೇ ಇರ್ಲಾ ಅಂತ ಕೇಳಿ."

ಅಪ್ಪ ಕಣ್ಣು ಮುಚ್ಚಿ ಕೂತು, ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದರು. "ಎರಡರಲ್ಲಿ ಯಾವುದನ್ನ ಕೇಳ್ಲಿ?"

"ಯಾವುದಕ್ಕೆ ಹೌದು ಅನ್ನಿಸ್ಕೋಬೇಕು ಅಂತಿದೆ ನಿಮಗೆ?"

ಇಷ್ಟು ದಿನ ಊರೆಲ್ಲ ಸುತ್ತಿದ ಅಪ್ಪನನ್ನು ಯಾರೂ ಹೀಗೆ ಕೇಳಿರಲಿಲ್ಲ. ಪ್ರಶ್ನೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನಾನೂ ಕೇಳಿರಲಿಲ್ಲ. ಅವರು ಹೂವನ್ನೇ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದರು.

"ಕೊಡ್ಬೇಕು ಅಂತಿದೆ. ಕುಲುಮೆ ಹತ್ರ ನಿಂತ್ರೆ ತಲೆ ತಿರುಗುತ್ತೆ ಮಾರಾಯ್ತಿ. ಹೋದ ತಿಂಗಳು ಬಿದ್ದಿದ್ದೆ."

"ಗೊತ್ತು."

"ಯಾರು ಹೇಳಿದ್ರು?"

"ನಿಮ್ಮ ಅಂಗಿ. ನಿಂತು ಕೆಲಸ ಮಾಡೋರಿಗೆ ಬೆನ್ನಿಗೆಲ್ಲ ಹೇಗೆ ಮಸಿ ಆಗುತ್ತೆ? ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಅಪ್ಪ ಅಮ್ಮನ ಕಡೆ ತಿರುಗಿದರು. "ಇಡೀ ದಿನ ನಾನು ಮನೇಲಿದ್ರೆ ನಿಂಗೆ ತೊಂದ್ರೆ ಆಗಲ್ವಾ?"

"ಆಗುತ್ತೆ. ಬೆಳಗ್ಗೆ ಹೊತ್ತು ಎಲ್ಲಾದ್ರೂ ಹೋಗಿ. ಬಿದ್ದೋರನ್ನ ಹೊತ್ಕೊಂಡು ಬರೋದಕ್ಕಿಂತ ಇದು ಮೇಲು."

ಅಪ್ಪ ಎದ್ದು ಪಂಚೆ ಕೊಡವಿಕೊಂಡರು. ಸೌಟು ಹಿಡಿದೇ ಹೊರಗೆ ಬಂದ ಭಟ್ಟರು ಗಾಬರಿಯಾದರು. "ಎಲ್ಲಿ ಹೊರಟ್ರಿ? ಪ್ರಸಾದ ಆಗಿಲ್ಲ!"

"ನಮ್ದು ಆಯ್ತು ಭಟ್ರೇ" ಎಂದು ಅಪ್ಪ ಕೈಮುಗಿದರು. ಅವರು ಬಿಟ್ಟ ಜಾಗದಲ್ಲಿ, ಸುಮ್ಮನೆ ದರ್ಶನಕ್ಕೆ ಬಂದಿದ್ದ ಆ ಸಹೋದ್ಯೋಗಿ ಸರಕ್ಕನೆ ಬಂದು ಕೂತರು.

ನಾವು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಭಟ್ಟರ ದನಿ ಕೇಳಿಸಿತು. "ಬಿತ್ತು, ಬಿತ್ತು! ಎಡಗಡೇದು!"

ಅಮ್ಮ ನಿಂತಳು. ನಾನು ಅಪ್ಪನ ಮುಖ ನೋಡಿದೆ. ಅವರು ಒಂದು ಕಾಲಿಗೆ ಚಪ್ಪಲಿ ಹಾಕಿದ್ದರು. ಇನ್ನೊಂದನ್ನೂ ಹಾಕಿಕೊಂಡು ಮುಂದೆ ನಡೆದರು. ಅಮ್ಮ ಒಳಗೆ ತಿರುಗಿ, ಕ್ಷಮೆ ಕೇಳುವವಳಂತೆ ಇನ್ನೊಮ್ಮೆ ಕೈಮುಗಿದು, ಬಿರಬಿರನೆ ಅವರ ಹಿಂದೆ ಹೊರಟಳು.

ಮರುದಿನ ಬೆಳಗ್ಗೆ ಶಿವಮೊಗ್ಗದ ಬಸ್ಸು ಹಿಡಿಯುವ ಮೊದಲು ನಾನು ಅಪ್ಪನ ಜೊತೆ ಕಾರ್ಖಾನೆಯ ಕಚೇರಿಗೆ ಹೋದೆ. "ಒಂದ್ಸಲ ಕೊಟ್ರೆ ವಾಪಸ್ ತಗೊಳ್ಳೋಕಾಗಲ್ಲ, ಯೋಚನೆ ಮಾಡಿದೀರಾ?" ಎಂದ ಗುಮಾಸ್ತ. "ಮುದ್ರೆ ಒತ್ತಿ" ಎಂದರು ಅಪ್ಪ.

ಹೊರಗೆ ಜಗಲಿಯಲ್ಲಿ ಅದೇ ಸಹೋದ್ಯೋಗಿ ಬರಿಗೈಯಲ್ಲಿ ನಿಂತಿದ್ದರು.

"ಕೊಟ್ಟೇಬಿಟ್ರಾ? ನಿನ್ನೆ ಎಡಗಡೆ ಬಿತ್ತಲ್ರೀ!"

"ಅದು ನಿಮ್ದು ಮಾರಾಯ್ರೇ. ನಾನು ಎದ್ದ ಮೇಲೆ ಬಿದ್ದಿದ್ದು."

"ನಂದು ಹೇಗಾಗುತ್ತೆ? ನಾನಿನ್ನೂ ಏನೂ ಕೇಳ್ಕೊಂಡೇ ಇರ್ಲಿಲ್ಲ!"

ಅಪ್ಪ ಆ ಚರ್ಚೆಗೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ನಮಸ್ಕಾರ ಮಾಡಿದರು, ಯಾರನ್ನೂ ಏನೂ ಕೇಳಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನೂ ಕೇಳಲಿಲ್ಲ. ಈ ಬಾರಿ ಒಂದೇ ಮಾತಿನ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ ನನಗೆ ಸ್ವಲ್ಪ ನಿರಾಸೆಯೇ ಆಯಿತು.