ಒಳಪದರದ ಕೆಳಗಿನ ಉಬ್ಬು

ಗಿರಿಜಮ್ಮನವರೇ, ನಾನು ನಿಮಗೆ ಸುಳ್ಳು ಹೇಳಿದ್ದೆ. ನಿಮ್ಮ ಯಜಮಾನರ ಹೊಟ್ಟೆಯಲ್ಲಿದ್ದ ಗಡ್ಡೆ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು.

ಬಸವರಾಜಪ್ಪನವರು ಆಗ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಓಡಿಸುತ್ತಿದ್ದರು. ಏಣಿ ಹತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ, ಮಲ ಕಪ್ಪಗೆ ಹೋಗುತ್ತದೆ ಎಂದು ಶಿವಮೊಗ್ಗಕ್ಕೆ ನನ್ನ ಬಳಿ ಬಂದರು. ಪರೀಕ್ಷಿಸುವ ಮೊದಲೇ, ಹುಣ್ಣಿರಬೇಕು, ಗಾಬರಿ ಬೇಡ ಎಂದುಬಿಟ್ಟೆ. ಆಮೇಲೆ ಎಂಡೋಸ್ಕೋಪಿ ಮಾಡಿದೆ. ಹುಣ್ಣು ಎಲ್ಲೂ ಇರಲಿಲ್ಲ. ಜಠರದ ನುಣುಪಾದ ಒಳಪದರವನ್ನು ಕೆಳಗಿನಿಂದ ಏನೋ ತಳ್ಳಿದಂತೆ ಒಂದು ಉಬ್ಬು — ನಿಂಬೆಹಣ್ಣಿನಷ್ಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಏನೂ ಇಲ್ಲವೆಂದು ವರದಿ ಬಂತು. ಇಂಥ ಅಪರೂಪದ ಗಡ್ಡೆ ಪದರದ ಅಡಿಯಲ್ಲಿರುತ್ತದೆ, ಮೇಲಿನ ಚೂರಿನಲ್ಲಿ ಸಿಗದೆಯೂ ಹೋಗಬಹುದು, ಸ್ಕ್ಯಾನ್ ಮಾಡಿಸಲೇಬೇಕು — ಇದು ನನಗೆ ಗೊತ್ತಿತ್ತು. ಆದರೂ... ಮೊದಲು ಆಡಿದ ಮಾತು ತಪ್ಪೆಂದು ಒಪ್ಪಿಕೊಳ್ಳಲು ನಾಲಗೆ ಏಳಲಿಲ್ಲ. ಹುಣ್ಣಿನ ಮಾತ್ರೆ ಬರೆದು ಕಳಿಸಿದೆ.

ವರ್ಷ ಕಳೆದ ಮೇಲೆ ಅವರು ರಕ್ತ ವಾಂತಿ ಮಾಡಿಕೊಂಡರು. ನೀವು ಕಾರಿನಲ್ಲಿ ಮಲಗಿಸಿಕೊಂಡು ಕರೆತಂದಿರಿ. ಸ್ಕ್ಯಾನಿನಲ್ಲಿ ಗಡ್ಡೆ ತೆಂಗಿನಕಾಯಿಯಷ್ಟಾಗಿತ್ತು; ಯಕೃತ್ತಿಗೂ ಹಬ್ಬಿತ್ತು. ನೀವು ನನ್ನನ್ನು ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ ಕೇಳಿದಿರಿ:

"ಹೋದ್ ಸಲ ಪೈಪ್ ಹಾಕಿ ನೋಡಿದ್ರಲ್ಲ ಡಾಕ್ಟ್ರೇ, ಆಗ ಇದು ಇರ್ಲಿಲ್ವಾ?"

"ಇರ್ಲಿಲ್ಲಮ್ಮ. ಆಮೇಲೆ ಬೆಳೆದಿರೋದು."

ನೀವು ನಂಬಿದಿರಿ. "ನಾನೇ ಬೇಗ ಕರ್ಕೊಂಡು ಬರ್ಬೇಕಿತ್ತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಿ. ನನ್ನ ತಪ್ಪನ್ನು ನೀವು ಹೊತ್ತುಕೊಂಡಿರಿ — ನಾನು ಹೊರಲು ಬಿಟ್ಟೆ.

ಶಸ್ತ್ರಚಿಕಿತ್ಸೆಯಾಯಿತು. ಇಂಥ ಗಡ್ಡೆಯನ್ನು ತಡೆಯುವ ಮಾತ್ರೆ ಆಗತಾನೇ ಬಳಕೆಗೆ ಬಂದಿತ್ತು, ಅದನ್ನು ಶುರುಮಾಡಿದೆವು. ಮೂರು ವರ್ಷ ಅವರು ಚೆನ್ನಾಗಿದ್ದರು. ತಪಾಸಣೆಗೆ ಬಂದಾಗಲೆಲ್ಲ ಹೊರಗೆ ಕೂತ ರೋಗಿಗಳಿಗೆ, "ಹೆದರ್ಬೇಡಿ ಮಾರಾಯ್ರೇ, ನಂಗೆ ಜೀವ ಕೊಟ್ಟೋರು ಇವ್ರೇ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ; ಅವರು ಅದನ್ನು ವಿನಯ ಎಂದುಕೊಂಡರು. ನಾಲ್ಕನೆಯ ವರ್ಷ ಗಡ್ಡೆ ಮಾತ್ರೆಗೆ ಬಗ್ಗಲಿಲ್ಲ; ಅವರು ಉಳಿಯಲಿಲ್ಲ.

ಮೊದಲೇ ತೆಗೆದಿದ್ದರೆ ಉಳಿಯುತ್ತಿದ್ದರೇ — ಖಚಿತವಾಗಿ ಹೇಳಲಾರೆ. ಆ ಅನುಮಾನದ ಮರೆಯಲ್ಲೇ ಇಷ್ಟು ವರ್ಷ ಕೂತಿದ್ದೆ. ಆದರೆ ಕಳೆದ ವಾರ ಮದುವೆಮನೆಯಲ್ಲಿ ಸಿಕ್ಕಾಗಲೂ ನೀವು, "ನಾನು ತಡ ಮಾಡ್ಬಿಟ್ಟೆ" ಎಂದಿರಿ.

ತಡ ಮಾಡಿದವರು ನೀವಲ್ಲ.

ಮೊದಲು ಎಂಡೋಸ್ಕೋಪಿ ಮಾಡಿದ ದಿನದ ಕೇಸ್ ಶೀಟಿನ ಪ್ರತಿ ಈ ಪತ್ರದ ಜೊತೆಗಿದೆ. 'ಉಬ್ಬು — ಸ್ಕ್ಯಾನ್' ಎಂದು ಬರೆದು, ಮೇಲೆ ಗೀಟು ಎಳೆದಿರುವುದನ್ನು ನೋಡುತ್ತೀರಿ. ಎರಡೂ ನನ್ನ ಕೈಯವೇ. ನಿಮ್ಮ ಮಗಳಿಗೂ ತೋರಿಸಿ. ಯಾರ ಮುಂದೆ ಕರೆದರೂ ಬಂದು ಇದನ್ನೇ ಹೇಳುತ್ತೇನೆ.